ಹಳೆಯ ಪ್ರೋಗ್ರಾಮು, ಹೊಸ ಲಿನಕ್ಸ್

ಸಾಗರದ ಸಮೀಪದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಗರಿಗೆ ಹುಳ ಹಿಡಿಯದಿದ್ದರೂ, ಅಕ್ಷರ ಮಾಸದಿದ್ದರೂ, ಲಿಪಿ ಬಲ್ಲವರು ಇಲ್ಲವಾದರೆ ಅದು ಬರಿಯ ಗೆರೆಗಳ ಸಾಲು. (ಈ ಲಿಪಿಗೆ 2024ರಲ್ಲಿ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ ಸ್ಥಾನ ದೊರೆಯಿತು ಎಂಬುದು ಸಂತೋಷದ ಸಂಗತಿ.) ಗಣಕದ ಪ್ರೋಗ್ರಾಮುಗಳ ಪಾಡೂ ಹೀಗೆಯೇ. ಅವುಗಳಿಗೆ ಈ ಗತಿ ಬರಲು ಇಪ್ಪತ್ತು ಮೂವತ್ತು ವರ್ಷ ಸಾಕು.

ನಮ್ಮ ರಾಜ್ಯದ ಕಾಲೇಜುಗಳ ಗಣಕ ಪ್ರಯೋಗಾಲಯಗಳನ್ನು ಬಹುಕಾಲ ಆಳಿದ್ದು ಬೋರ್‌ಲ್ಯಾಂಡ್ ಕಂಪನಿಯ ಟರ್ಬೊ ಸಿ ಪ್ಲಸ್ ಪ್ಲಸ್. ಆ ನೀಲಿ ಪರದೆ ನನ್ನ ಓರಗೆಯ ವಿಜ್ಞಾನ ಪದವೀಧರರಿಗೆಲ್ಲ ಪರಿಚಿತ. ಅದು 1990ರ ದಶಕದ ಆರಂಭದ, ಡಾಸ್ ಕಾಲದ ಕಂಪೈಲರ್. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತಾರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅಂದರೆ, ವ್ಯಾಕರಣ ನಿಗದಿಯಾಗುವ ಮೊದಲಿನ ಭಾಷೆಯನ್ನೇ ಮಕ್ಕಳು ವರ್ಷಗಟ್ಟಲೆ ಕಲಿತರು.

ನಿಮ್ಮ ಅಕ್ಕ ಕಾಲೇಜಿನಲ್ಲಿದ್ದಾಗ ಮನೆಯ ಅಡಿಕೆ ಲೆಕ್ಕಕ್ಕೆಂದು ಒಂದು ಪ್ರೋಗ್ರಾಮು ಬರೆದಿಟ್ಟಿದ್ದರು ಎಂದುಕೊಳ್ಳೋಣ. ಜೊತೆಗೆ ಹತ್ತು ವರ್ಷದ ಫಸಲಿನ ಲೆಕ್ಕ ತುಂಬಿದ ಕಡತವೂ ಇದೆ. ಇದನ್ನು ಇಂದಿನ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರಿಗೆ ಕೊಟ್ಟರೆ ಮೊದಲ ಸಾಲಿನಲ್ಲೇ ಮುಗ್ಗರಿಸುತ್ತದೆ. 'ಐಓಸ್ಟ್ರೀಮ್ ಡಾಟ್ ಎಚ್' ಎಂಬ ಕಡತವೇ ಇಲ್ಲ ಎನ್ನುತ್ತದೆ. ಮಾನಕದಲ್ಲಿ ಅದರ ಹೆಸರು ಬರಿಯ 'ಐಓಸ್ಟ್ರೀಮ್'. ಹಳೆಯ ಹೆಸರನ್ನು ಕೆಲಕಾಲ ಸಹಿಸಿಕೊಂಡಿದ್ದ ಜಿಸಿಸಿ, 2008ರ 4.3ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. 'ವಾಯ್ಡ್ ಮೇನ್' ಎಂದು ಬರೆದಿದ್ದರೆ ಅದೂ ತಪ್ಪು, 'ಇಂಟ್ ಮೇನ್' ಎಂದಿರಬೇಕು. ಪರದೆ ಒರೆಸುವ 'ಕ್ಲಿಯರ್ ಸ್ಕ್ರೀನ್', ಕೀಲಿಗಾಗಿ ಕಾಯುವ 'ಗೆಟ್ ಸಿಎಚ್' ಇವು ಭಾಷೆಗೆ ಸೇರಿದವೇ ಅಲ್ಲ. ಡಾಸ್‌ಗೆಂದು ಬೋರ್‌ಲ್ಯಾಂಡ್ ಒದಗಿಸಿದ್ದ ಸೌಕರ್ಯಗಳು.

ಇವೆಲ್ಲ ಸುಲಭದ ತೊಂದರೆಗಳು, ಏಕೆಂದರೆ ಕಂಪೈಲರ್ ಬಾಯಿಬಿಟ್ಟು ಹೇಳುತ್ತದೆ. ಅದು ಹೇಳದೆ ಬಿಡುವುದೇ ಅಪಾಯ.

ಟರ್ಬೊದಲ್ಲಿ 'ಇಂಟ್' ಎಂಬ ಪೂರ್ಣಾಂಕಕ್ಕೆ 2 ಬೈಟು ಜಾಗ. ಅದರಲ್ಲಿ -32,768ರಿಂದ 32,767ರವರೆಗಿನ ಸಂಖ್ಯೆಗಳು ಮಾತ್ರ ಹಿಡಿಸುತ್ತವೆ. ಕ್ವಿಂಟಾಲು ಅಡಿಕೆಯ ಧಾರಣೆ 40,000 ರೂಪಾಯಿ ಎಂದು ಕೊಟ್ಟರೆ, ಅದರಿಂದ 65,536 ಕಳೆದು -25,536 ಎಂದು ತೋರಿಸುತ್ತದೆ! ಲಿನಕ್ಸ್‌ನಲ್ಲಿ ಇಂಟ್‌ಗೆ 4 ಬೈಟು ಇರುವುದರಿಂದ ಈ ತೊಂದರೆ ತಾನಾಗಿ ನೀಗುತ್ತದೆ. ಆದರೆ ಹಳೆಯ ಕಡತವನ್ನು ಓದಲು ಹೊರಟಾಗ ಬೇರೊಂದು ಎಡವಟ್ಟು. ಅಕ್ಕ ಬರೆದದ್ದು ಎರಡೆರಡು ಬೈಟಿನಂತೆ, ಹೊಸ ಪ್ರೋಗ್ರಾಮು ಓದುವುದು ನಾಲ್ಕು ನಾಲ್ಕರಂತೆ. ಒಂದು ವರ್ಷ 5 ಮೂಟೆ, ಮರುವರ್ಷ 3 ಮೂಟೆ ಎಂದಿದ್ದರೆ ಎರಡೂ ಬೆರೆತು, 3ನ್ನು 65,536ರಿಂದ ಗುಣಿಸಿ 5 ಕೂಡಿಸಿದಂತಾಗಿ, 1,96,613 ಮೂಟೆ ಎಂದು ಬರುತ್ತದೆ. ದೋಷಸೂಚನೆ ಒಂದೂ ಇಲ್ಲ! ಕಡತಕ್ಕೆ ಸಂಬಂಧಿಸಿದ ಕಡೆಯಲ್ಲೆಲ್ಲ 'ಇಂಟ್' ಬದಲು 'ಶಾರ್ಟ್' ಎಂದು ಬರೆದರೆ ಎರಡು ಬೈಟಿನ ಅಳತೆ ಮರಳಿ ಬರುತ್ತದೆ. 'ಲಾಂಗ್' ಕೂಡ ಹೀಗೆಯೇ ಬೆಳೆದಿದೆ: ಟರ್ಬೊದಲ್ಲಿ 4 ಬೈಟು, 64 ಬಿಟ್‌ನ ಲಿನಕ್ಸ್‌ನಲ್ಲಿ 8. ಅಂಕಿಗಳನ್ನು ಅಕ್ಷರರೂಪದಲ್ಲಿ ಬರೆದಿಟ್ಟ ಕಡತವಾದರೆ ಈ ಗೋಳಿಲ್ಲ.

ಬರಿಯ ಸಿ ಭಾಷೆಯ ಹಳೆಯ ಪ್ರೋಗ್ರಾಮುಗಳಲ್ಲಿ ಇನ್ನೊಂದು ಬಗೆಯ ತೊಡಕು. ಮೊದಲೇ ಘೋಷಿಸದ ಫಂಕ್ಷನ್ನನ್ನು ಬಳಸಿದರೆ, ಅದು ಇಂಟ್ ಒಂದನ್ನು ಹಿಂತಿರುಗಿಸುತ್ತದೆ ಎಂದು ಹಳೆಯ ಸಿ ಊಹಿಸಿಕೊಳ್ಳುತ್ತಿತ್ತು. 32 ಬಿಟ್ ಯಂತ್ರಗಳಲ್ಲಿ ಇಂಟ್ ಮತ್ತು ಸ್ಮೃತಿಯ ವಿಳಾಸ ಎರಡೂ 4 ಬೈಟಿನವಾದ್ದರಿಂದ ಊಹೆ ನಡೆದುಹೋಗುತ್ತಿತ್ತು. 64 ಬಿಟ್ ಯಂತ್ರದಲ್ಲಿ ವಿಳಾಸಕ್ಕೆ 8 ಬೈಟು. ಅರ್ಧ ವಿಳಾಸ ಕತ್ತರಿಸಿಹೋದರೆ ಅಂಚೆ ತಲುಪುವುದಾದರೂ ಎಲ್ಲಿಗೆ? 1999ರ ಮಾನಕ ಈ ಊಹೆಯನ್ನು ತೆಗೆದುಹಾಕಿತ್ತು. ಜಿಸಿಸಿ ಮಾತ್ರ ಬರಿಯ ಎಚ್ಚರಿಕೆ ಕೊಡುತ್ತಿದ್ದು, 2024ರ 14ನೇ ಆವೃತ್ತಿಯಲ್ಲಿ ದೋಷವೆಂದೇ ನಿಲ್ಲಿಸತೊಡಗಿತು. 'ಜಿಎನ್‌ಯು 89' ಎಂಬ ಹಳೆಯ ಮಾನಕವನ್ನು ಆಯ್ದುಕೊಂಡರೆ ಈಗಲೂ ಕಂಪೈಲ್ ಆಗುತ್ತದೆ, ಆದರೆ ಬಾಯಿ ಮುಚ್ಚಿಸಿದ ಮಾತ್ರಕ್ಕೆ ವಿಳಾಸ ಸರಿಹೋಗುವುದಿಲ್ಲ. ಬೇಕಾದ ಘೋಷಣೆಯನ್ನು ಸೇರಿಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಏನನ್ನಾದರೂ ತಿದ್ದುವ ಮೊದಲು ಹಳೆಯ ಪ್ರೋಗ್ರಾಮನ್ನು ಅದರ ಮನೆಯಲ್ಲೇ ಓಡಿಸಿ ನೋಡಿ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಲಿನಕ್ಸ್‌ನೊಳಗೆ ಹಳೆಯ ಡಾಸ್ ಗಣಕವನ್ನು ಅನುಕರಿಸುತ್ತದೆ. ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅಲ್ಲಿ ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ತಿದ್ದಿದ ಪ್ರೋಗ್ರಾಮಿನ ಉತ್ತರವನ್ನು ಅದರೊಡನೆ ತಾಳೆ ನೋಡಬಹುದು.

ಪ್ರೋಗ್ರಾಮಲ್ಲ, ಭಾಷೆಯ ಹಳೆಯ ಆವೃತ್ತಿಯೇ ಬೇಕಾಗಿದ್ದರೆ? ಪೈಥಾನ್, ರೂಬಿ ಮೊದಲಾದವುಗಳ ಆಕರ ಮುಕ್ತವಾಗಿ ದೊರೆಯುತ್ತದೆ, ನಾವೇ ಕಂಪೈಲ್ ಮಾಡಿಕೊಳ್ಳಬಹುದು. ಇಲ್ಲಿ ಕಾಡುವುದು ಹೆಚ್ಚಾಗಿ ಅಕ್ಕಪಕ್ಕದ ತಂತ್ರಾಂಶಗಳು. ಉದಾಹರಣೆಗೆ, ಗುಪ್ತಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ 2021ರಲ್ಲಿ 3ನೇ ಆವೃತ್ತಿಗೆ ಬದಲಾಯಿತು, 3.1ಕ್ಕಿಂತ ಹಿಂದಿನ ರೂಬಿಗಳಿಗೆ ಅದರೊಡನೆ ಹೊಂದಿಕೆಯಿಲ್ಲ, ಹಳೆಯ ಓಪನ್‌ಎಸ್‌ಎಸ್‌ಎಲ್ ಅನ್ನೂ ಬೇರೆಯಾಗಿ ಕಟ್ಟಿಕೊಡಬೇಕು. ಒಂದು ಎಚ್ಚರಿಕೆ: ಲಿನಕ್ಸ್‌ನ ಎಷ್ಟೋ ಉಪಕರಣಗಳು ಅದರೊಡನೆ ಬಂದ ಪೈಥಾನನ್ನೇ ನಂಬಿಕೊಂಡಿವೆ, ಅದರ ಮೇಲೆ ಹಳೆಯದನ್ನು ಹೇರಬೇಡಿ. ಕಂಪೈಲ್ ಮಾಡುವ ಮೊದಲೇ 'ಪ್ರಿಫಿಕ್ಸ್' ಎಂಬ ಆಯ್ಕೆಯಲ್ಲಿ ನಿಮ್ಮದೇ ಪ್ರತ್ಯೇಕ ಕೋಶವೊಂದರ ವಿಳಾಸ ಕೊಡಿ. ಕೆಲಸ ಮುಗಿದ ಮೇಲೆ ಬೇಡವೆನಿಸಿದರೆ ಆ ಕೋಶವನ್ನು ಅಳಿಸಿದರಾಯಿತು.