ಕಿಟಕಿಯ ಹಳೆಯ ಬಣ್ಣ

ಜಯನಗರದ ಒಂದು ಹಳೆಯ ಶಾಲೆ. ಆವರಣದ ಹಿಂಬದಿಯಲ್ಲಿ ಶಿಕ್ಷಕರ ವಸತಿಗೃಹಗಳ ಸಾಲು. ದುರಸ್ತಿ ನಡೆಯುತ್ತಿದೆ ಎಂದು ಕೇಳಿ ನೋಡಲು ಹೋಗಿದ್ದೆ.

ಮೊದಲ ಮನೆಗೆ ಇನ್ನೂ ಯಾರೂ ಕೈ ಹಚ್ಚಿಲ್ಲ. ನೆಲ ಕೆಂಪಗೆ, ನುಣ್ಣಗೆ ಇದೆ. ಈ ಕೆಂಪಿನಲ್ಲೂ ವಿಷಕಾರಿ ಸೀಸ ಇದೆಯೇನೋ ಎಂದು ಕ್ಷಣ ಅಳುಕಿದೆ, ಆದರೆ ನೆಲದ ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡು, ಸೀಸವಲ್ಲ. ಗೋಡೆಗೆ ಬಳಿದದ್ದು ಸುಣ್ಣ. ಅಂಜಬೇಕಾದದ್ದು ಮರಕ್ಕೂ ಕಬ್ಬಿಣಕ್ಕೂ ಹಚ್ಚಿದ ಎನಾಮಲ್ ಬಣ್ಣಕ್ಕೆ. ಕಿಟಕಿಯ ಚೌಕಟ್ಟಿನಲ್ಲಿ ಚಕ್ಕೆ ಎದ್ದ ಕಡೆ ಬಗ್ಗಿ ನೋಡಿದೆ. ಮೇಲೆ ಕಂದು, ಅದರಡಿ ಹಸಿರು, ಇನ್ನೂ ಕೆಳಗೆ ಹೊಳೆಯುವ ಹಳದಿ. ಹಿಂದೆ ಹಳದಿ ಬಣ್ಣಕ್ಕೆ ಸೀಸದ ಕ್ರೋಮೇಟ್ ಬೆರೆಸುವುದು ರೂಢಿಯಲ್ಲಿತ್ತು. ಇದರಲ್ಲಿ ಇದೆಯೋ ಇಲ್ಲವೋ, ನೋಡಿ ಹೇಳಲಾರೆ. ಪರೀಕ್ಷೆ ಮಾಡಿಸಿದರಷ್ಟೇ ತಿಳಿದೀತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ಕೆಲಸಕ್ಕಿಳಿಯುವುದು ಕ್ಷೇಮ.

ಎರಡನೆಯ ಮನೆಯವರನ್ನು ಬೇರೆ ಕಡೆಗೆ ಕಳಿಸಿದ್ದರು. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನೆಲಕ್ಕೂ ಹಾಸಿದ್ದರು. ಒಬ್ಬರು ನೀರು ಸಿಂಪಡಿಸುತ್ತಾರೆ, ಇನ್ನೊಬ್ಬರು ಸ್ಕ್ರೇಪರಿನಿಂದ ಕೆರೆಯುತ್ತಾರೆ. ಬಣ್ಣ ಹಾರುವುದಿಲ್ಲ, ತೊಯ್ದ ಅವಲಕ್ಕಿಯ ಹಾಗೆ ಹಾಳೆಯ ಮೇಲೆ ಬೀಳುತ್ತದೆ. ಬೆಂಕಿಯ ಬ್ಲೋಲ್ಯಾಂಪ್ ಇಲ್ಲಿ ಕಾಣಲಿಲ್ಲ. ಅದರ ಕಾವಿಗೆ ಸೀಸ ಹೊಗೆಯಾಗಿ ಏಳುತ್ತದೆ.

ಮೂರನೆಯ ಮನೆಯಲ್ಲಿ ಎದೆ ಧಸಕ್ಕೆಂದಿತು. ಒಬ್ಬ ಹುಡುಗ ಕಿಟಕಿಯ ಗ್ರಿಲ್ಲನ್ನು ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜುತ್ತಿದ್ದ. ಮೂಗಿಗೆ ಕಟ್ಟಿದ್ದು ಬರೀ ಟವೆಲ್. ಅಷ್ಟು ಸಣ್ಣ ಧೂಳನ್ನು ಅದು ತಡೆಯಲಾರದು. ರೆಪ್ಪೆಯ ಮೇಲೂ ಹಸಿರು ಪುಡಿ. ಮೇಸ್ತ್ರಿಯನ್ನು ಕರೆದು ಹೇಳಿದೆ. ಅವರು ಕೂಡಲೇ ನಿಲ್ಲಿಸಿ, ನೀರಿನ ಬಾಟಲಿಯನ್ನೂ ಸರಿಯಾದ ಮಾಸ್ಕನ್ನೂ ಕೊಟ್ಟರು. ಹುಡುಗನ ಅಂಗಿಯನ್ನೇ ನೋಡುತ್ತ ನಿಂತೆ. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗಿ ಮಗುವನ್ನೆತ್ತಿಕೊಂಡರೆ? ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ಮೈ ದೊಡ್ಡವರದಕ್ಕಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಮಿದುಳಿಗೆ ಆದ ಹಾನಿ ಸರಿಹೋಗುವುದಿಲ್ಲ. ಇಲ್ಲೇ ಬಟ್ಟೆ ಬದಲಿಸಿ, ಕೈಮುಖ ತೊಳೆದು ಹೋಗಪ್ಪ ಎಂದೆ. ತಲೆಯಾಡಿಸಿದ.

ಹಿತ್ತಲಲ್ಲಿ ಚಕ್ಕೆ ತುಂಬಿ ಬಾಯಿ ಕಟ್ಟಿದ ಚೀಲಗಳಿದ್ದವು. ಪಕ್ಕದಲ್ಲಿ ಗೆದ್ದಲು ತಿಂದ ಚೌಕಟ್ಟುಗಳ ರಾಶಿ. ಒಬ್ಬ ಹೆಂಗಸು ಎರಡು ತುಂಡು ಆರಿಸಿಕೊಂಡು, ಹಂಡೆಯ ಒಲೆಗೆ ಆಗುತ್ತದೆ ಎಂದರು. "ಬೇಡಮ್ಮ, ಬಣ್ಣದ ಮರ ಉರಿಸಬಾರದು. ಹೊಗೆಯಲ್ಲಿ, ಬೂದಿಯಲ್ಲಿ ವಿಷ ಇರುತ್ತೆ," ಎಂದರು ಮೇಸ್ತ್ರಿ. ಆಕೆ ತುಂಡುಗಳನ್ನು ರಾಶಿಗೇ ಹಾಕಿದರು. ಸೆರಗಿಗೆ ಕೈ ಒರೆಸಿಕೊಳ್ಳಲು ಹೋದಾಗ ನಾನು ನಲ್ಲಿ ತೋರಿಸಿದೆ.