ಕೈ ಬದಲಾದ ಕಾರು

ಹಳೆಯ ಕಾರನ್ನು ಕೊಳ್ಳುವುದೆಂದರೆ ಅಪರಿಚಿತರೊಬ್ಬರ ಅಭ್ಯಾಸಗಳನ್ನೂ ಕೊಂಡಂತೆಯೇ. ಕ್ಲಚ್ಚಿನ ಮೇಲೆ ಸದಾ ಕಾಲೂರಿ ನಡೆಸಿದವರ ದೋಷಕ್ಕೆ ದಂಡ ತೆರುವವನು ಎರಡನೆಯ ಒಡೆಯ. ನಮ್ಮ ದೇಶದ ಮಧ್ಯಮವರ್ಗಕ್ಕೆ ಈ ಪಾಠವನ್ನು ಕಲಿಸಿದ ಬಂಡಿಗಳಲ್ಲಿ ಅಂಬಾಸಿಡರ್ ಮುಖ್ಯವಾದುದು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ, ೧೯೫೦ರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಮೈತಳೆದ ಈ ಕಾರು ೨೦೧೪ರವರೆಗೂ ತಯಾರಾಗುತ್ತಿತ್ತು. ಲೈಸೆನ್ಸಿನ ಕಾಲದಲ್ಲಿ ಹೊಸ ಕಾರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು. ಆದುದರಿಂದ ಕೈ ಬದಲಾದ ಕಾರಿಗೂ ಬೆಲೆಯಿತ್ತು, ಮರ್ಯಾದೆಯೂ ಇತ್ತು.

ಅದರ ಒಡೆಯರೆಲ್ಲರ ಸುಖದುಃಖಗಳೂ ಹೆಚ್ಚುಕಡಮೆ ಒಂದೇ. ಸ್ಟಿಯರಿಂಗಿನ ಪಕ್ಕದ ಗೇರು ಒಮ್ಮೊಮ್ಮೆ ಹಟ ಹಿಡಿಯುತ್ತಿತ್ತು. ಘಟ್ಟವೇರುವಾಗ ರೇಡಿಯೇಟರು ಕುದಿಯುತ್ತಿತ್ತು. ಮಕ್ಕಳು ಹಳ್ಳಕ್ಕಿಳಿದು ನೀರು ತರುತ್ತಿದ್ದರು. ಪೆಟ್ರೋಲಿನ ಲೆಕ್ಕವಂತೂ ತಿಂಗಳ ಕೊನೆಯಲ್ಲಿ ಎದೆ ನಡುಗಿಸುತ್ತಿತ್ತು. ಆದರೂ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕುಳಿತು, ಹಿಂದೆ ಅಜ್ಜಿಯೊಡನೆ ಉಳಿದ ಸಂಸಾರವೆಲ್ಲ ಹಿಡಿಯುತ್ತಿತ್ತು. ಕೆಟ್ಟು ನಿಂತರೆ ಸಣ್ಣ ಊರಿನ ಮೆಕ್ಯಾನಿಕ್ಕನೂ ಸ್ಪ್ಯಾನರು ಹಿಡಿದು ಅದನ್ನು ನಡೆಸಬಲ್ಲವನಾಗಿದ್ದನು.

ಇಂದಿನ ಹಳೆಯ ಕಾರುಗಳ ಕಥೆ ಬೇರೆ. ಎಂಜಿನನ್ನು ಎಲೆಕ್ಟ್ರಾನಿಕ್ ಘಟಕ ಆಳುತ್ತದೆ. ರೋಗವೇನೆಂಬುದನ್ನು ಮೆಕ್ಯಾನಿಕ್ಕನ ಕಿವಿಗಿಂತ ಮೊದಲು ಸ್ಕ್ಯಾನರು ಹೇಳುತ್ತದೆ. ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಸರ್ವೀಸಿನ ದಾಖಲೆ, ವಿಮೆ, ಸಾಲ ತೀರಿದ ಪತ್ರ ಇವುಗಳನ್ನು ನೋಡುವುದು ಲೇಸು. ಮಾರುವವರಿಗೂ ಒಂದು ಎಚ್ಚರ ಬೇಕು. ಆರ್.ಸಿ. ಹೊಸಬನ ಹೆಸರಿಗೆ ವರ್ಗವಾಗುವವರೆಗೆ ಕಾನೂನಿನ ಕಣ್ಣಿಗೆ ಹಳಬನೇ ಮಾಲೀಕ. ಅಪಘಾತವಾದರೆ ಪರಿಹಾರದ ಹೊರೆ ಅವನ ಮೇಲೆಯೇ ಬರಬಹುದು. ಕೀಲಿಕೈ ಕೊಟ್ಟ ಮಾತ್ರಕ್ಕೆ ಋಣ ಹರಿಯುವುದಿಲ್ಲ.