ಕಡಲಿನಲ್ಲಿ ದುಡಿಯುವವನ ಗಾಯವೂ ಅವನ ಹಕ್ಕೂ

ಯಂತ್ರದೋಣಿಯ ದುಡಿಮೆಯಲ್ಲಿ ಅಪಾಯವು ಬಿರುಗಾಳಿಯಿಂದಲೇ ಬರಬೇಕೆಂದಿಲ್ಲ. ಬಲೆಯನ್ನೆಳೆಯುವ ವಿಂಚಿಗೆ ಅಂಗಿಯ ತೋಳು ಸಿಕ್ಕಿದರೆ ಕೈಯೇ ಹೋದೀತು; ಬಿಗಿದ ಹಗ್ಗವು ಕಡಿದು ಬಡಿದರೆ ಕಾಲು ಮುರಿದೀತು. ನಿದ್ದೆಗೆಟ್ಟವನಿಗೆ ಒದ್ದೆ ಹಲಗೆಯೂ ಶತ್ರುವೇ ಸರಿ.

ಇಂತಹವನಿಗೆ ಪರಿಹಾರವನ್ನು ಕೊಡಬೇಕಾದವರು ಯಾರು? ಕಲಾಸಿಗಳಲ್ಲಿ ಅನೇಕರು ಸಂಬಳಕ್ಕಲ್ಲ, ಹಿಡಿದ ಮೀನಿನ ಪಾಲಿಗೆ ದುಡಿಯುವರು. ಪಾಲುಗಾರನು ಆಳಲ್ಲವೆಂದು ವಾದಿಸುವ ಒಡೆಯನಿಗೆ ಇದೊಂದು ಅನುಕೂಲವಾದ ನೆವ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2007 ರಲ್ಲಿ ಅಂಗೀಕರಿಸಿದ, 2017 ರಲ್ಲಿ ಜಾರಿಗೆ ಬಂದ 188 ನೆಯ ಒಡಂಬಡಿಕೆಯು ಈ ನೆವಕ್ಕೆ ಎಡೆಗೊಡದೆ, ಪಾಲಿಗೆ ದುಡಿಯುವವನನ್ನೂ ಮೀನುಗಾರನೆಂದೇ ಎಣಿಸಿರುವುದು. ಗಾಯಾಳುವಿಗೆ ಚಿಕಿತ್ಸೆ ಮತ್ತು ಪರಿಹಾರ, ಗಾಯವು ತೀವ್ರವಾದರೆ ಸಕಾಲದಲ್ಲಿ ದಡಕ್ಕೆ ಸಾಗಣೆ, ಮೂರು ದಿನ ಮೀರಿ ಕಡಲಿನಲ್ಲಿರುವ ದೋಣಿಯವರಿಗೆ ದಿನಕ್ಕೆ 10 ತಾಸಿಗೆ ಕಡಮೆಯಿಲ್ಲದ ವಿಶ್ರಾಂತಿ, ಇವೂ ಅದರಲ್ಲಿ ಸೇರಿವೆ. ಭಾರತವು ಅದನ್ನು ಇನ್ನೂ ಸ್ಥಿರೀಕರಿಸಿಲ್ಲವೆಂಬುದು ವಿಷಾದಕರ.

2018 ನೆಯ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿಯು ಏಳು ಮಂದಿಯೊಡನೆ ಕಾಣೆಯಾಯಿತು. ಅವಶೇಷವು ದೊರೆತುದು 2019 ನೆಯ ಮೇ ತಿಂಗಳಿನಲ್ಲಿ, ಮಹಾರಾಷ್ಟ್ರದ ಮಾಲವಣದ ಕಡಲಿನಲ್ಲಿ. ದೇಹವೇ ದೊರೆಯದಿದ್ದರೆ ಮರಣವನ್ನು ರುಜುವಾತು ಮಾಡುವುದೇ ಮನೆಯವರಿಗೆ ಮೊದಲ ಕಷ್ಟ. ದೋಣಿಯಲ್ಲಿರುವವರ ಪಟ್ಟಿಯ ಪ್ರತಿಯೊಂದನ್ನು ಹೊರಡುವ ಮುನ್ನ, ಇಲ್ಲವೇ ಹೊರಟ ಕೂಡಲೇ, ದಡಕ್ಕೆ ಒಪ್ಪಿಸಬೇಕೆಂದು ಅದೇ ಒಡಂಬಡಿಕೆಯು ವಿಧಿಸಿದೆ. ಇದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ.